ನನ್ನ ಗಿಡ್ಡ ಬೇಸು, ಅವನ ಗಣಪತಿ ಸೀಸನ್ನು

ಡೀಸೆಲ್ ಜನರೇಟರಿನ ಹೊಗೆ ಮೂಗಿಗೆ ಬಡಿದರೆ ಬೇರೆಯವರಿಗೆ ತಲೆನೋವು ಬರಬಹುದು, ನನಗೆ ಸಿಟ್ಟು ಬರುತ್ತದೆ. ಹೋದ ತಿಂಗಳು ಹಲಗೂರಿನಲ್ಲಿ ನೆಂಟರೊಬ್ಬರ ಬೀಗರೂಟಕ್ಕೆ ಹೋಗಿದ್ದೆ. ಎಲೆ ಮುಂದೆ ಕೂತು ಮುದ್ದೆ ಮುರಿಯುವ ಹೊತ್ತಿಗೆ ಕರೆಂಟು ಹೋಯಿತು, ಶಾಮಿಯಾನದ ಹಿಂದೆ ಜನರೇಟರು ಶುರುವಾಯಿತು, ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಸಾರು ಬಹಳ ರುಚಿಯಾಗಿತ್ತು ಅಂತ ಆಮೇಲೆ ಎಲ್ಲರೂ ಹೇಳಿದರು. ನನ್ನ ನಾಲಿಗೆಗೆ ಏನೂ ಗೊತ್ತಾಗಲಿಲ್ಲ. ಎದುರು ಸಾಲಿನಲ್ಲಿ ನನ್ನ ದೊಡ್ಡಪ್ಪನ ಮಗ ನವೀನ ಕೂತಿದ್ದ. ಅವನಿಗೂ ನನಗೂ ಮಾತು ಬಿಟ್ಟು ವರ್ಷಗಳಾದವು. ಮೂಳೆ ಕಡಿಯುತ್ತ ನನ್ನ ಕಡೆ ಒಮ್ಮೆ ನೋಡಿ, ನೀರು ಬಡಿಸುವವರನ್ನು ಕೂಗುವ ನೆಪದಲ್ಲಿ ಮುಖ ತಿರುಗಿಸಿದ. ತಿರುಗಿಸಲಿ. ನಾನೇನು ಅವನ ಮುಖ ನೋಡಲು ಹಲಗೂರಿಗೆ ಬಸ್ಸು ಹತ್ತಿರಲಿಲ್ಲ.

ನಾನು ಮಂಡ್ಯದಲ್ಲಿ ಬ್ಲೌಸು ಹೊಲಿಯುವವಳು. ಆದರೆ ಗಣಪತಿ ಹಬ್ಬದಿಂದ ಹಿಡಿದು ರಾಜ್ಯೋತ್ಸವದವರೆಗೆ, ಊರೂರಲ್ಲಿ ಗಣಪತಿ ಕೂರಿಸಿ ಆರ್ಕೆಸ್ಟ್ರಾ ಕರೆಸುವ ಆ ಸೀಸನ್ನಿನಲ್ಲಿ, ಹೊಲಿಗೆ ಮಿಷಿನ್ನಿಗೆ ಬಟ್ಟೆ ಮುಚ್ಚಿ ಬೇಸ್ ಗಿಟಾರು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ತಂಡ ದೊಡ್ಡಪ್ಪನದು. ನಾನು ಲಂಗ ಬ್ಲೌಸು ಹಾಕುವ ವಯಸ್ಸಿನಲ್ಲಿ ಅವನ ಮನೆಯ ಜಗಲಿಯಲ್ಲೇ ಪ್ರಾಕ್ಟೀಸು ನಡೆಯುತ್ತಿತ್ತು. ಹುಡುಗರೆಲ್ಲ ಲೀಡ್ ಗಿಟಾರಿಗೆ ಬಿದ್ದು ಸಾಯುತ್ತಿದ್ದರು. ಮೂಲೆಯಲ್ಲಿ ನಿಂತು ದಪ್ಪ ತಂತಿಯನ್ನು ದುಮ್ ದುಮ್ ಅನ್ನಿಸುವ ಕೆಲಸ ಯಾರಿಗೂ ಬೇಡ. ಯಾರಿಗೂ ಬೇಡವಾದ್ದರಿಂದ ಅದು ನನಗೆ ಬಂತು. “ಬೇಸು ಇದ್ದಾಗ ಯಾರ್ಗೂ ಗೊತ್ತಾಗಾಕಿಲ್ಲ ಕಣವ್ವ, ಇಲ್ದಿದ್ರೆ ಹಾಡು ನೆಲ ಮುಟ್ಟಾಕಿಲ್ಲ” ಎಂದು ಹೇಳಿ ದೊಡ್ಡಪ್ಪ ಆ ಗಿಟಾರನ್ನು ನನ್ನ ತೊಡೆಯ ಮೇಲೆ ಇಟ್ಟ.

ಅದು ಜಪಾನಿನ ಮಾಲು. ಮೈಸೂರಿನ ಹೋಟೆಲೊಂದರಲ್ಲಿ ಬ್ಯಾಂಡ್ ನುಡಿಸುತ್ತಿದ್ದವರು ಬಿಟ್ಟುಬಿಟ್ಟಾಗ ದೊಡ್ಡಪ್ಪ ತಂದದ್ದು. ತಲೆಯ ಮೇಲಿದ್ದ ಕಂಪನಿ ಹೆಸರು ನಾನು ನೋಡುವ ಮೊದಲೇ ಉದುರಿಹೋಗಿತ್ತು. ಬಣ್ಣ ಒಂದು ಕಾಲಕ್ಕೆ ಕೆಂಪಿದ್ದಿರಬೇಕು, ನನ್ನ ಕಾಲಕ್ಕೆ ಹಳೇ ಬೆಲ್ಲದ ಬಣ್ಣ. ಸಾಮಾನ್ಯ ಬೇಸ್ ಗಿಟಾರಿಗಿಂತ ಅದರ ಕತ್ತು ನಾಲ್ಕು ಬೆರಳು ಗಿಡ್ಡ. ಕೇಳುವವರಿಗೆ ಅದೇನು ದೊಡ್ಡ ವಿಷಯ ಅನ್ನಿಸಬಹುದು. ನನ್ನಷ್ಟು ಕುಳ್ಳಗಿರುವ, ನನ್ನಷ್ಟು ಸಣ್ಣ ಕೈಯಿರುವ ಹೆಂಗಸಿಗೆ ಆ ನಾಲ್ಕು ಬೆರಳೇ ಎಲ್ಲ. ಕತ್ತಿನ ತುದಿಯ ಸ್ವರದ ಮನೆಗಳಿಗೆ ಕೈ ಚಾಚಿದರೆ ಹೆಗಲು ಎಳೆಯುವುದಿಲ್ಲ. ತಂತಿ ಸಡಿಲವಾಗಿ ಬೆರಳಿಗೆ ಬಗ್ಗುತ್ತದೆ. ದೊಡ್ಡಪ್ಪ ಹಾಕಿಸಿದ್ದು ಮೇಲ್ಮೈ ನುಣ್ಣಗಿರುವ ಚಪ್ಪಟೆ ಸುತ್ತಿನ ತಂತಿ, ಅದರ ಮೇಲೆ ಬೆರಳು ಜಾರಿದರೆ ಕಿರ್ ಅನ್ನುವುದಿಲ್ಲ. ಕೂತು ನುಡಿಸಿದರೆ ತೊಡೆಗೆ ಸರಿಯಾಗಿ ಕೂರುತ್ತದೆ, ನಿಂತು ನುಡಿಸಿದರೆ ಭಾರವೇ ಇಲ್ಲ. ಅದರಲ್ಲೂ ಐಬು ಇತ್ತು, ಇರಲಿಲ್ಲ ಅನ್ನುವುದಿಲ್ಲ. ಎಲ್ಲಕ್ಕಿಂತ ದಪ್ಪ ತಂತಿ ಸ್ವಲ್ಪ ಜೋಲು ಬೀಳುತ್ತಿತ್ತು, ಕೈ ಬಿಟ್ಟರೆ ಕತ್ತು ನೆಲದ ಕಡೆ ವಾಲುತ್ತಿತ್ತು. ಆದರೆ ಆ ದನಿ! ಒದ್ದೆ ತೋಟದಲ್ಲಿ ತೆಂಗಿನಕಾಯಿ ಬಿದ್ದ ಹಾಗೆ, ಗುಂಡಗೆ, ಮೆತ್ತಗೆ, ಬಿದ್ದ ಕೂಡಲೇ ಮುಗಿಯುವ ಸದ್ದು. ಹಾಡುವವರ ಗಂಟಲಿಗೆ ಅಡ್ಡ ಬರುತ್ತಿರಲಿಲ್ಲ, ಕೆಳಗೆ ಬಂದು ಕೈ ಕೊಡುತ್ತಿತ್ತು. ಅಂಥ ಸದ್ದನ್ನು ಹೊಸ ಗಿಟಾರುಗಳಲ್ಲಿ ನಾನು ಕೇಳಿಲ್ಲ. ಕೊರೊನಾ ಕಾಲದಲ್ಲಿ, ಸಾಯುವ ಮೊದಲು, ದೊಡ್ಡಪ್ಪ ಎಲ್ಲರೆದುರಿಗೆ ಅದು ನನಗೆ ಅಂತ ಹೇಳಿ ಹೋದ, ನವೀನನಿಗೆ ತಂಡ ಬಂತು.

ಕೊರೊನಾ ಮುಗಿದು ಮತ್ತೆ ದೊಡ್ಡದಾಗಿ ಗಣಪತಿ ಕೂರಿಸಿದ ವರ್ಷ ಅದು. ಎರಡು ಸೀಸನ್ನು ಮನೆಯಲ್ಲಿ ಕೂತಿದ್ದ ಹಳ್ಳಿ ಹುಡುಗರಿಗೆ ಹುಚ್ಚು ಹಿಡಿದಿತ್ತು. ನಾಲೆಯಲ್ಲಿ ನೀರಿತ್ತು, ನಾಟಿ ಮುಗಿದಿತ್ತು, ಮಧ್ಯಾಹ್ನವೆಲ್ಲ ಬೇಯಿಸುವ ಸೆಕೆ, ಸಂಜೆಗೆ ಧೋ ಅಂತ ಮಳೆ. ಪ್ರತಿ ಪೆಂಡಾಲಿನಲ್ಲೂ ನಾವು ಜನರೇಟರಿನ ಹೊಗೆ ಕುಡಿಯುತ್ತ, ತಾರ್ಪಾಲಿನ ಮೇಲೆ ನಿಂತ ನೀರನ್ನು ಕೋಲಿನಿಂದ ತಳ್ಳಿಯೇ ಕಾರ್ಯಕ್ರಮ ಶುರುಮಾಡಬೇಕು. ಹಬ್ಬಕ್ಕೆ ಇನ್ನೂ ವಾರವಿರುವಾಗ ನವೀನ ಟೈರ್ ಅಂಗಡಿಯ ಮೇಲಿನ ನಮ್ಮ ಪ್ರಾಕ್ಟೀಸ್ ರೂಮಿಗೆ ಉದ್ದನೆಯ ಕಪ್ಪು ಪೆಟ್ಟಿಗೆಯೊಂದನ್ನು ಹೊತ್ತು ತಂದ. ಒಳಗೆ ಐದು ತಂತಿಯ ಹೊಸ ಬೇಸು. ನನ್ನ ಎದೆಯಿಂದ ಶುರುವಾದರೆ ಕತ್ತು ಕಿಟಕಿಯ ಹೊರಗೆ ಹೋಗುವಷ್ಟು ಉದ್ದ.

“ಇನ್ಮುಂದೆ ಇದ್ನ ನುಡ್ಸಕ್ಕ. ಆ ಗಿಡ್ಡೀನ ಹಿಡ್ಕಂಡು ನಿಂತ್ರೆ ಮಕ್ಳಾಟದ ಸಾಮಾನಂಗೆ ಕಾಣ್ತದೆ” ಅಂದ.

“ಕಾಣಾಕಲ್ಲ ಕಣ್ಲಾ ಅದಿರಾದು, ಕೇಳಾಕೆ.”

“ಈಗ ಎಲ್ಲಾನೂ ಕಾಣಾಕೇಯ.”

ಆದರೂ ನುಡಿಸಿದೆ. ತಂಡ ನಿಲ್ಲಲಿ, ದೊಡ್ಡಪ್ಪನ ಹೆಸರು ಉಳಿಯಲಿ ಅಂತ ಹಲ್ಲು ಕಚ್ಚಿ ನುಡಿಸಿದೆ. ಹಿಂದೊಮ್ಮೆ ಸ್ಕೂಟಿಯಿಂದ ಬಿದ್ದು ನನ್ನ ಎಡ ಹೆಗಲಿಗೆ ಪೆಟ್ಟಾಗಿತ್ತು. ಆ ಕಪ್ಪು ಕೋಲನ್ನು ಹೊತ್ತ ಮೂರನೆಯ ದಿನಕ್ಕೆ ಕೈ ಮೇಲೆತ್ತಿ ತಲೆ ಬಾಚಲೂ ಆಗಲಿಲ್ಲ. ನಾಲ್ಕನೆಯ ದಿನ ನನ್ನ ಗಿಡ್ಡಿಯನ್ನೇ ಹೆಗಲಿಗೆ ಹಾಕಿಕೊಂಡು ಹೋಗಿ, ಬೇಕಾದರೆ ಇದು, ಬೇಡವಾದರೆ ನಾನೂ ಇಲ್ಲ ಅಂದೆ. ಮಹಾಯುದ್ಧವೇ ಆಗುತ್ತದೆ ಅಂತ ತಯಾರಾಗಿ ಹೋಗಿದ್ದೆ. ನವೀನ ಕೀಬೋರ್ಡಿನಿಂದ ತಲೆಯನ್ನೂ ಎತ್ತದೆ, “ಆಯ್ತು ಬುಡಕ್ಕ, ನಿಂದೇ ನುಡ್ಸು” ಅಂದ. ಗೆದ್ದೆ ಅಂದುಕೊಂಡೆ. ಅಷ್ಟು ಸುಲಭವಾಗಿ ಸೋಲುವ ಜಾತಕದವನಲ್ಲ ಅವನು ಅಂತ ಆವತ್ತೇ ನನಗೆ ಹೊಳೆಯಬೇಕಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ವೇದಿಕೆಯಲ್ಲಿ ನನ್ನ ಬೆನ್ನ ಹಿಂದೆ ಒಂದು ಸಣ್ಣ ಸ್ಪೀಕರ್ ಡಬ್ಬ ಇರುತ್ತದೆ. ಅದು ನಾವು ನುಡಿಸಿದ್ದು ನಮಗೆ ಕೇಳಲಿಕ್ಕೆ. ಜನಕ್ಕೆ ಕೇಳಿಸುವುದು ಮುಂದೆ ಎರಡೂ ಕಡೆ ಪೇರಿಸಿಟ್ಟ ದೊಡ್ಡ ಸ್ಪೀಕರುಗಳಿಂದ. ಅದಕ್ಕೆ ಬೇರೆ ಲೈನು ಹೋಗಿ, ಪೆಂಡಾಲಿನ ಕೊನೆಯಲ್ಲಿ ಕೂತಿರುವ ಸೌಂಡಿನ ಮಹೇಶನ ಮಿಕ್ಸರಿಗೆ ಸೇರುತ್ತದೆ. ಅವನು ಯಾವ ಗುಂಡಿ ಏರಿಸುತ್ತಾನೋ ಅದು ಜನಕ್ಕೆ, ಇಳಿಸಿದ್ದು ಯಾರಿಗೂ ಇಲ್ಲ. ವೇದಿಕೆ ಮೇಲಿರುವ ನಮಗೆ ಮುಂದಿನ ಸ್ಪೀಕರಿನ ಸದ್ದು ಬೆನ್ನು ತಿರುಗಿಸಿ ಮಾತಾಡುವವರ ಮಾತಿನ ಹಾಗೆ ಬರೀ ಗೊಣಗು. ಆ ವರ್ಷ ನವೀನ ಲ್ಯಾಪ್‌ಟಾಪಿನಿಂದ ಮೊದಲೇ ರೆಡಿ ಮಾಡಿದ ಟ್ರ್ಯಾಕು ಬಿಡುವುದನ್ನೂ ಶುರುಮಾಡಿದ್ದ. ವಯೊಲಿನ್ನು, ಕೋರಸ್ಸು ಮಾತ್ರ ಅದರಲ್ಲಿದೆ ಅಂದಿದ್ದ. ನಂಬಿದೆ. ಒಡಹುಟ್ಟಿದವನಂತೆ ಬೆಳೆದವನನ್ನು ನಂಬದೆ ಇನ್ನಾರನ್ನು ನಂಬಲಿ?

ಆ ಸೀಸನ್ನು ನಾನು ನುಡಿಸಿದ ಹಾಗೆ ಹಿಂದೆ ಯಾವತ್ತೂ ನುಡಿಸಿರಲಿಲ್ಲ. ಎರಡು ವರ್ಷ ಮನೆಯಲ್ಲಿ ಒಬ್ಬಳೇ ಕೂತು ಸಾಧನೆ ಮಾಡಿದ್ದೆಲ್ಲ ಬೆರಳಿಗೆ ಬಂದಿತ್ತು. ಮದ್ದೂರಿನ ರಫೀಕ ರಿದಂ ಪ್ಯಾಡು ಬಾರಿಸುವವನು, ಹಗಲು ಗ್ಯಾರೇಜಿನಲ್ಲಿ ಸ್ಪ್ಯಾನರು ಹಿಡಿಯುವವನು. ಅವನ ಪೆಟ್ಟು, ನನ್ನ ಸ್ವರ ಒಂದೇ ಕಡೆ ಬಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಕಣ್ಣಲ್ಲೇ ನಗುತ್ತಿದ್ದೆವು. ಆ ವರ್ಷ ಮಾತ್ರ ರಫೀಕ ನನ್ನ ಮುಖ ನೋಡುತ್ತಿರಲಿಲ್ಲ. ಟ್ರ್ಯಾಕಿನ ತಾಳ ಕೇಳಲು ಕಿವಿಗೆ ಹೆಡ್‌ಫೋನು ಹಾಕಿಕೊಂಡು ತಲೆ ತಗ್ಗಿಸಿ ಬಾರಿಸುತ್ತಿದ್ದ. ಮನೆಯಲ್ಲಿ ಏನೋ ತಾಪತ್ರಯ ಇರಬೇಕು ಅಂದುಕೊಂಡೆ.

ಗುಟ್ಟು ಬಯಲಾದದ್ದು ಕೆರಗೋಡಿನಲ್ಲಿ. ನನ್ನ ನಾದಿನಿ ಸಾವಿತ್ರಿಯನ್ನು ಕೊಟ್ಟಿರುವುದು ಅದೇ ಊರಿಗೆ. ಸಂಜೆಯ ಕಾರ್ಯಕ್ರಮಕ್ಕೆ ಮಕ್ಕಳು ಮರಿ ಕಟ್ಟಿಕೊಂಡು ಬಂದು ಮೊದಲ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಮುಗಿದ ಮೇಲೆ ಅವಳ ಮನೆಯಲ್ಲಿ ಊಟ. ಅನ್ನ ಬಡಿಸುತ್ತ ಸಾವಿತ್ರಿ ಕೇಳಿದಳು.

“ಅಲ್ಲ ಅತ್ಗೆ, ಆ ಗಿಟಾರು ತಂತಾನೇ ಬಡ್ಕತದಾ?”

“ತಂತಾನೇ ಎಂಗಮ್ಮಿ ಬಡ್ಕತದೆ?”

“ಮತ್ತೆ, ನೀನು ಸೊಳ್ಳೆ ಹೊಡ್ಕಂಡಲ್ಲ, ಕೆನ್ನೆ ಮ್ಯಾಲೆ? ಆಗ್ಲೂವೆ ದುಮ್ ದುಮ್ ಅಂತಾನೇ ಇತ್ತು. ಸೆರಗು ಸರಿ ಮಾಡ್ಕಂಡಾಗ್ಲೂ ಅಷ್ಟೇಯ. ನಮ್ ಪಕ್ಕದ್ಮನೆ ಗೌರಮ್ಮ ನಗಾಡ್ತು, ಅದೇನ್ ಮಂತ್ರ ಆಕವ್ರೋ ಅಂತ.”

ಮೊದಲು ಸಾವಿತ್ರಿಯ ಮೇಲೇ ರೇಗಿದೆ, ಸಂಗೀತ ಗೊತ್ತಿಲ್ಲದವಳು ಏನೋ ಬಡಬಡಿಸುತ್ತೀಯ ಅಂದೆ. ಪಾಪ, ಅವಳು ಸಾರು ತರಲು ಒಳಗೆ ಹೋದಳು. ಆದರೆ ಕೈ ತೊಳೆಯುವ ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು. ತಲೆ ತಗ್ಗಿಸಿದ ರಫೀಕ, “ಆಯ್ತು ಬುಡಕ್ಕ” ಅಂದ ನವೀನ, ಟೀ ಕೊಟ್ಟಾಗ ನನ್ನ ಕಣ್ಣು ತಪ್ಪಿಸುವ ಮಹೇಶ. ನಾನು ಜೀವ ಸುಟ್ಟುಕೊಂಡು ನುಡಿಸಿದ್ದು ನನ್ನ ಬೆನ್ನ ಹಿಂದಿನ ಡಬ್ಬಕ್ಕೆ ಮಾತ್ರ ಕೇಳಿಸಿತ್ತು. ಜನ ಕೇಳಿದ್ದು ಲ್ಯಾಪ್‌ಟಾಪಿನ ಬೇಸು. ಹಬ್ಬದ ಮೊದಲ ದಿನದಿಂದ ನನ್ನ ಲೈನು ಮುಚ್ಚಿತ್ತು.

ಮಾರನೆಯ ಬೆಳಿಗ್ಗೆಯೇ ಪ್ರಾಕ್ಟೀಸ್ ರೂಮಿನ ಮೆಟ್ಟಿಲು ಹತ್ತಿದೆ. ಮೊದಲು ಸಿಕ್ಕಿದ್ದು ರಫೀಕ. ಕೇಳಿದ ಕೂಡಲೇ ಒಪ್ಪಿಕೊಂಡ. “ನಿಮ್ಮನೆ ವಿಸ್ಯ ಅಂತ ಸುಮ್ನಿದ್ದೆ ಅಕ್ಕ. ಅಕ್ಕ ತಮ್ಮನ ಮಧ್ಯ ನಾನ್ಯಾಕೆ ಬರ್ಲಿ” ಅಂದ. ಅವನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಅನ್ನಿಸಿತು. ಅಷ್ಟರಲ್ಲಿ ನವೀನ ಒಳಗೆ ಬಂದ.

“ನನ್ನ ಲೈನು ಮುಚ್ಸಿದ್ದೀಯೇನ್ಲಾ?”

ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಇಷ್ಟು ನೋಯುತ್ತಿರಲಿಲ್ಲವೇನೋ. ಕುರ್ಚಿ ಎಳೆದು ಕೂತು, ಮಗುವಿಗೆ ತಿಳಿಹೇಳುವ ಹಾಗೆ ಶುರುಮಾಡಿದ. “ನೋಡಕ್ಕ, ನಿಂದು ಹಳೇ ಸೌಂಡು. ಅಪ್ಪನ ಕಾಲುಕ್ಕೆ ಸರಿ. ಈಗಿನ್ ಹುಡುಗ್ರಿಗೆ ಗುಂಡಿಗೆ ಅಲ್ಲಾಡ್ಬೇಕು. ಟ್ರ್ಯಾಕಲ್ಲಿರೋ ಬೇಸು ಎಂಗ್ ಬತ್ತದೆ ಗೊತ್ತಾ?”

“ಅಂಗಾರೆ ನನ್ನ ಯಾಕ್ಲಾ ನಿಲ್ಸಿದ್ದೀಯ ಅಲ್ಲಿ? ಮನೇಲಿ ಬ್ಲೌಸು ಒಲ್ಕಂಡು ಬಿದ್ದಿರ್ತಿದ್ದೆ.”

“ಎಂಗ್ಸು ಗಿಟಾರ್ ಇಡ್ಕಂಡು ನಿಂತ್ರೆ ಜನ ನೋಡ್ತರೆ. ಪ್ರೋಗ್ರಾಮ್ ಬುಕ್ ಮಾಡೋರೆಲ್ಲ ನಿನ್ನೇ ಕೇಳಾದು, ಗಿಟಾರಿನಮ್ಮ ಬತ್ತರಾ ಅಂತ. ಫ್ಲೆಕ್ಸಲ್ಲಿ ನಿನ್ ಫೋಟೋನೇ ಮುಂದೆ ಆಕ್ಸಿವ್ನಲ್ಲ, ನೋಡಿಲ್ವಾ?”

ನೋಡಿದ್ದೆ. ಮಂಡ್ಯದ ಪೇಟೆ ಬೀದಿಯಲ್ಲಿ ಆ ಫ್ಲೆಕ್ಸು ನೋಡಿ ಒಳಗೊಳಗೇ ಹಿಗ್ಗಿದ್ದೆ. ಗಂಡನಿಗೂ ಕರೆದು ತೋರಿಸಿದ್ದೆ. ಈಗ ಬಟ್ಟೆ ಅಂಗಡಿಯ ಬಾಗಿಲಲ್ಲಿ ಸೀರೆ ಉಡಿಸಿ ನಿಲ್ಲಿಸುವ ಬೊಂಬೆ ನೆನಪಾಯಿತು. ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದದ್ದೆಲ್ಲ ಬೈದೆ. ಸತ್ತ ದೊಡ್ಡಪ್ಪನನ್ನೂ ಎಳೆದು ತಂದೆ. ಕೆಳಗಿನ ಟೈರ್ ಅಂಗಡಿಯವರು ಕೆಲಸ ನಿಲ್ಲಿಸಿ ಮೇಲೆ ನೋಡುತ್ತಿದ್ದರು. ನವೀನ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ, “ಆಯ್ತು, ಮಳವಳ್ಳೀಲಿ ನಿನ್ ಲೈನು ಓಪನ್ ಮಾಡ್ಸ್ತೀನಿ ಬುಡು. ದೊಡ್ ಪ್ರೋಗ್ರಾಮು. ಅಲ್ಲೀಗಂಟ ಸುಮ್ಕಿರು” ಅಂದ.

ಬಿಟ್ಟು ಬರಬೇಕಿತ್ತು ಅನ್ನುವವರಿಗೆ ನನ್ನ ಉತ್ತರ ಇಷ್ಟೇ: ನನಗೆ ಒಂದೇ ಒಂದು ಸಲ ನನ್ನ ಗಿಟಾರನ್ನು ಜನಕ್ಕೆ ಕೇಳಿಸಬೇಕಿತ್ತು. ದೊಡ್ಡಪ್ಪ ಹೋದ ಮೇಲೆ ಅದರ ದನಿ ಯಾವ ಊರಿಗೂ ಕೇಳಿರಲಿಲ್ಲ. ಆ ಒಂದು ಸಲಕ್ಕಾಗಿ ಹೊಳಲಿನಲ್ಲಿ, ಮದ್ದೂರಿನಲ್ಲಿ, ಇನ್ನೂ ಯಾವ್ಯಾವುದೋ ಹಳ್ಳಿಗಳಲ್ಲಿ ಬೊಂಬೆಯ ಹಾಗೆ ನಿಂತೆ. ಹೊಳಲಿನಲ್ಲಿ ಹುಡುಗನೊಬ್ಬ ಮೊಬೈಲು ಹಿಡಿದು ವೀಡಿಯೋ ಮಾಡುತ್ತ, “ಅಕ್ಕ, ಸೂಪರ್ ಬೇಸು” ಎಂದು ಹೆಬ್ಬೆಟ್ಟು ತೋರಿಸಿದ. ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು. ಅವನ ತಪ್ಪೇನಿತ್ತು? ಆದರೂ ಅನ್ನಿಸಿತು. ಮನೆಗೆ ಬಂದರೆ ಗಿಟಾರನ್ನು ತೊಡೆಯ ಮೇಲೆ ಹಾಕಿಕೊಂಡು, ಲೈನೂ ಇಲ್ಲದೆ ಡಬ್ಬವೂ ಇಲ್ಲದೆ ಸುಮ್ಮನೆ ಮೀಟುತ್ತಿದ್ದೆ. ಮರದ ಮೇಲೆ ಎದೆ ಒತ್ತಿದರೆ ಸ್ವರ ಎಲುಬಿಗೇ ಬಂದು ತಾಗುತ್ತಿತ್ತು. ಅಷ್ಟರಮಟ್ಟಿಗೆ ಅದು ನನ್ನದು, ನವೀನನ ಗುಂಡಿಗಳಿಗೆ ಸಿಗದ್ದು.

ಮಳವಳ್ಳಿಯದು ಸೀಸನ್ನಿನ ಕೊನೆಯ ಕಾರ್ಯಕ್ರಮ, ರಾಜ್ಯೋತ್ಸವದ್ದು. ಮಳೆ ನಿಂತು ಸಣ್ಣಗೆ ಚಳಿ ಶುರುವಾಗಿತ್ತು. ಮೈದಾನ ತುಂಬ ಜನ. ದೀಪ ಹಚ್ಚುವ ಹೊತ್ತಿಗೆ ನಾವು ವೇದಿಕೆ ಹತ್ತಿದೆವು. ಮೊದಲ ಹಾಡಿನಲ್ಲೇ ಕೆನ್ನೆಯ ಮೇಲಿನ ಸೊಳ್ಳೆ ಹೊಡೆದುಕೊಂಡ ಹಾಗೆ ಮಾಡಿ ತಂತಿಯಿಂದ ಕೈ ತೆಗೆದು ನೋಡಿದೆ. ಮುಂದೆ ದುಮ್ ದುಮ್ ನಿಲ್ಲಲಿಲ್ಲ. ನವೀನನ ಕಡೆ ತಿರುಗಿದೆ. ತಾಳು ಅನ್ನುವ ಹಾಗೆ ಅಂಗೈ ತೋರಿಸಿದ. ಎರಡನೆಯ ಹಾಡಿಗೂ ತಾಳು. ಮೂರನೆಯದಕ್ಕೂ ತಾಳು.

ನಮ್ಮ ಕಡೆಯ ದೊಡ್ಡ ಕಾರ್ಯಕ್ರಮಗಳಲ್ಲಿ, ಹಳ್ಳಿ ಗಣಪತಿಯಲ್ಲಿ ಇಲ್ಲದ, ಒಂದು ಪದ್ಧತಿ ಇದೆ. ಗಣ್ಯರು ಅಂತ ಯಾರಾದರೂ ಬಂದರೆ ಹಾಡು ಮುಗಿಯುವವರೆಗೆ ಕಾಯುವುದಿಲ್ಲ. ಹಾಡಿನ ನಡುವೆಯೇ ವೇದಿಕೆ ಹತ್ತಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಫೋಟೋ ತೆಗೆಸಿಯೇ ಮುಂದಿನದು. ಅಲ್ಲಿಯವರೆಗೆ ಹಾಡುವವರು ನಿಲ್ಲಿಸಬೇಕು, ನುಡಿಸುವವರು ನಿಲ್ಲಿಸಬಾರದು. ಎರಡು ಮೂರು ಸ್ವರಗಳ ಮೇಲೆ ಸುತ್ತುತ್ತ ಹಾಡನ್ನು ಹಿಡಿದಿಟ್ಟುಕೊಂಡಿರಬೇಕು. ಲ್ಯಾಪ್‌ಟಾಪಿಗೆ ಇದು ಗೊತ್ತಿಲ್ಲ. ಅದು ಯಾವ ಗಣ್ಯರಿಗೂ ಕಾಯುವುದಿಲ್ಲ, ತನ್ನ ಪಾಡಿಗೆ ಮುಂದೆ ಓಡುತ್ತದೆ. ನಾಲ್ಕನೆಯ ಹಾಡಿನ ಮಧ್ಯೆ ಊರಿನ ದೊಡ್ಡವರೊಬ್ಬರು ಬಂದರು. ನವೀನ ಟ್ರ್ಯಾಕು ನಿಲ್ಲಿಸಿದ. ಹಾಡು ಒಮ್ಮೆಗೇ ಬೋಳಾಯಿತು, ಕೀಬೋರ್ಡು ಮತ್ತು ಪ್ಯಾಡು ಮಾತ್ರ ಉಳಿದವು. ಅವನು ಗಾಬರಿಯಲ್ಲಿ ಮಹೇಶನ ಕಡೆ ಕೈಯೆತ್ತಿ, ನನ್ನನ್ನು ತೋರಿಸಿ, ಬೆರಳು ಮೇಲಕ್ಕೆ ಆಡಿಸಿದ.

ಮುಂದಿನ ಸ್ವರಕ್ಕೆ ನನ್ನ ಕಾಲ ಕೆಳಗಿನ ಹಲಗೆ ನಡುಗಿತು. ಅದರ ಮುಂದಿನದಕ್ಕೆ ಮೈದಾನದಾಚೆಯ ಕಟ್ಟಡದ ಗೋಡೆಗೆ ತಾಗಿ ನನ್ನದೇ ಸದ್ದು ವಾಪಸು ಬಂತು. ಗುಂಡಗೆ, ಮೆತ್ತಗೆ, ದೊಡ್ಡಪ್ಪ ಬಿಟ್ಟುಹೋದ ಹಾಗೆಯೇ. ರಫೀಕ ಹೆಡ್‌ಫೋನು ಕಿತ್ತು ಕುತ್ತಿಗೆಗೆ ಹಾಕಿಕೊಂಡು ಆ ಸೀಸನ್ನಿನಲ್ಲೇ ಮೊದಲ ಸಲ ನನ್ನ ಮುಖ ನೋಡಿದ. ಬೆರಳು ಎಲ್ಲಿಗೆ ಹೋಗಬೇಕೆಂದರೆ ಅಲ್ಲಿಗೆ ಹೋಗುತ್ತಿತ್ತು, ಹೆಗಲಿನ ನೋವಿನ ನೆನಪೇ ಇರಲಿಲ್ಲ. ಅಳು ಬಂತು, ಅದನ್ನು ಮುಚ್ಚಿಡುವುದಿಲ್ಲ. ಅತ್ತ ಪೇಟ ಆ ದೊಡ್ಡವರ ತಲೆಗೆ ಸಣ್ಣದಾಗಿ ಕೂರುತ್ತಿರಲಿಲ್ಲ, ಇನ್ನೊಂದು ತರಿಸಿದರು. ಇನ್ನೂ ಸಣ್ಣದು ಬರಲಿ ಅಂತ ಬೇಡಿಕೊಂಡೆ. ಕೊನೆಗೆ ಫೋಟೋ ಆಯಿತು, ಚಪ್ಪಾಳೆ ಆಯಿತು, ಅವರು ಇಳಿದರು. ನವೀನ ಮಹೇಶನಿಗೆ ಬೆರಳು ಕೆಳಗೆ ತೋರಿಸಿದ. ಗೋಡೆಯಿಂದ ಬರುತ್ತಿದ್ದ ಸದ್ದು ನಿಂತಿತು. ನಿಲ್ಲಿಸಿದ್ದ ಜಾಗದಿಂದಲೇ ಟ್ರ್ಯಾಕು ಮತ್ತೆ ಶುರುವಾಯಿತು.

ನಾನು ಗಿಟಾರಿನಿಂದ ವೈರು ಕಿತ್ತೆ. ಲೈನು ತೆರೆದಿರುವಾಗ ಹೀಗೆ ಕಿತ್ತರೆ ಸ್ಪೀಕರಿನಲ್ಲಿ ಪಟಾಕಿ ಹೊಡೆದ ಹಾಗಾಗುತ್ತದೆ, ಹೊಸಬರು ಹಾಗೆ ಮಾಡಿ ಬೈಸಿಕೊಳ್ಳುತ್ತಾರೆ. ಮೈದಾನಕ್ಕೆ ಏನೂ ಕೇಳಲಿಲ್ಲ. ಬೆನ್ನ ಹಿಂದಿನ ಡಬ್ಬ ಮಾತ್ರ ಟಪ್ ಅಂದಿತು. ಕಲಾವಿದರು ಇಳಿಯುವುದು ಹಿಂದಿನ ಏಣಿಯಿಂದ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಿಟಾರು ಬಗಲಲ್ಲಿ ಹಿಡಿದು, ಗಣ್ಯರು ಇಳಿದ ಮುಂದಿನ ಮೆಟ್ಟಿಲಿನಿಂದಲೇ ಜನರ ನಡುವೆ ಇಳಿದೆ. ಮೊದಲ ಸಾಲಿನಲ್ಲಿ ಒಬ್ಬನಿಗೆ ಗೊತ್ತಾಯಿತು.

“ಲೇ, ಗಿಟಾರು ಇಲ್ಲಿ ಅದೆ ಕಣ್ಲಾ, ಸೌಂಡು ಅಲ್ಲಿಂದ ಬತ್ತದೆ!”

ಒಬ್ಬ ನಕ್ಕ, ಸಾಲು ನಕ್ಕಿತು, ಶಿಳ್ಳೆ ಬಿದ್ದವು. “ಏನ್ ನವೀನಣ್ಣ, ದೆವ್ವ ನುಡಿಸ್ತದಾ?” ಎಂದು ಯಾರೋ ಕೂಗಿದರು. ತಿರುಗಿ ನೋಡಿದೆ. ನವೀನನ ಮುಖ ಬೆಳ್ಳಗಾಗಿತ್ತು. ನನಗೆ ಎಷ್ಟು ಖುಷಿಯಾಯಿತು ಅಂದರೆ ಹೇಳಲಿಕ್ಕೆ ನಾಚಿಕೆಯಾಗಬೇಕು, ಆದರೆ ಆಗುವುದಿಲ್ಲ. ಅವನು ಮಹೇಶನಿಗೆ ಎರಡೂ ಕೈಯೆತ್ತಿ ಸನ್ನೆ ಮಾಡಿದ. ಸದ್ದು ಇನ್ನೂ ಜೋರಾಯಿತು. ನಗು ಅದರಲ್ಲಿ ಮುಳುಗಿತು. ನಕ್ಕ ಹುಡುಗರೇ ಮೊದಲು ಎದ್ದು ಕುಣಿಯಲು ಶುರುಮಾಡಿದರು. ಆಮೇಲೆ ಇಡೀ ಮೈದಾನ ಕುಣಿಯಿತು.

ಅವರ ಮೊಣಕೈಗಳನ್ನು ತಳ್ಳಿಕೊಂಡು ರಸ್ತೆಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅಂಗಡಿ ಸಾಲು ದಾಟಿದರೂ ಆ ದರಿದ್ರ ಬೇಸು ಹಿಂದೆಯೇ ಬರುತ್ತಿತ್ತು. ನವೀನನನ್ನು, ಮಹೇಶನನ್ನು, ಕುಣಿಯುವವರನ್ನು ಒಬ್ಬೊಬ್ಬರನ್ನಾಗಿ ಬೈಯುತ್ತ ಬಿರಬಿರನೆ ಹೆಜ್ಜೆ ಹಾಕಿದೆ. ತುಂಬ ದೂರ ಬಂದ ಮೇಲೆ, ಬೈಗುಳ ಮುಗಿದ ಮೇಲೆ, ನನಗೇ ಗೊತ್ತಾಯಿತು. ನನ್ನ ಕಾಲುಗಳು ಅದೇ ತಾಳಕ್ಕೆ ಬೀಳುತ್ತಿದ್ದವು.